ಏಳನೇ ಮೊಳೆಯ ಬ್ರಷ್

ಕಳೆದ ವರ್ಷ ಶಿವರಾತ್ರಿ ಮುಗಿದ ಮೂರನೆಯ ರಾತ್ರಿ, ಎರಡು ಗಂಟೆ ಹತ್ತು ನಿಮಿಷಕ್ಕೆ, ಮಧುಗಿರಿಯ ಒಂದು ಖಾಸಗಿ ನರ್ಸಿಂಗ್ ಹೋಮಿನ ಮೊದಲ ಮಹಡಿಯಲ್ಲಿ, ಬೀಗ ಹಾಕಿದ್ದ ಕೋಣೆಯೊಳಗಿನಿಂದ ಯಾರೋ ಬ್ರಷ್ಷಿನಲ್ಲಿ ಏನನ್ನೋ ಉಜ್ಜುತ್ತಿರುವ ಶಬ್ದ ಕೇಳಿಸಿತು. ಕೇಳಿಸಿಕೊಂಡವರು ಇಬ್ಬರು. ಒಬ್ಬ ನಾನು. ಇನ್ನೊಬ್ಬರು ರಾತ್ರಿ ಪಾಳಿಯ ನರ್ಸ್.

ಸಮಯ ಅಂದಾಜಿನದಲ್ಲ. ಫೋನ್ ನೋಡಿ ಆಗಲೇ ಬರೆದುಕೊಂಡಿದ್ದು. ನಾನು ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ನಾಲ್ಕೂ ಕಡೆ ಸುತ್ತಿ ಹದಿನಾಲ್ಕು ವರ್ಷ ಸುದ್ದಿ ಬರೆದಿದ್ದೇನೆ. ದೆವ್ವ ಕಂಡೆವು ಎಂದು ಬಂದವರಿಗೆ ಟೀ ಕುಡಿಸಿ ವಾಪಸ್ ಕಳಿಸಿದ್ದೇನೆ. ಇಲ್ಲಿ ಬರೆಯುತ್ತಿರುವುದು ನಾನೇ ಕಂಡದ್ದು, ಕೇಳಿದ್ದು, ಮುಟ್ಟಿದ್ದು. ನರ್ಸಿಂಗ್ ಹೋಮಿನ ಹೆಸರು ಹೇಳುವುದಿಲ್ಲ. ಇಬ್ಬರು ಹೆಂಗಸರ ಹೆಸರು ಬದಲಿಸಿದ್ದೇನೆ.

ಆದರೆ ಆ ರಾತ್ರಿಗಿಂತ ಮೊದಲು, ಅದಕ್ಕೂ ಮೂರು ತಿಂಗಳ ಹಿಂದೆ ನಾನು ಬರೆದ ಒಂದು ಸುದ್ದಿಯ ವಿಷಯ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ.

ಅದೇ ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಆಗಿದ್ದ ಒಬ್ಬ ಹೆಂಗಸಿಗೆ ಹೊಲಿಗೆಯ ಜಾಗದಲ್ಲಿ ಕೀವು ಕಟ್ಟಿಕೊಂಡಿತು. ಮನೆಯವರು ಬಾಗಿಲಲ್ಲಿ ನಿಂತು ಗಲಾಟೆ ಮಾಡಿದರು. ಯಾರೋ ಫೋನ್ ಮಾಡಿದರು, ನಾನು ಹೋದೆ. ಮ್ಯಾನೇಜರ್ ನನ್ನನ್ನು ಮೇಲಿನ ಮಹಡಿಗೆ ಕರೆದುಕೊಂಡು ಹೋದರು.

"ಡಾಕ್ಟರ್ದು ಏನೂ ತಪ್ಪಿಲ್ಲ ಸಾರ್. ಆಪರೇಷನ್ ಸಾಮಾನು ತೊಳೆಯೋ ಆಯಾದು ಬೇಜವಾಬ್ದಾರಿ. ನಾನು ಹೇಳೋದು ಬೇಡ, ನೀವೇ ನೋಡಿ."

ಕಸದ ಬುಟ್ಟಿಯನ್ನು ಕಾಲಿನಿಂದ ನನ್ನ ಕಡೆಗೆ ತಳ್ಳಿದರು. ಒಳಗೆ ಐದು ಬ್ರಷ್ಷುಗಳಿದ್ದವು. ಒಂದರಲ್ಲೂ ಬಿರುಗೂದಲಿರಲಿಲ್ಲ. ಬುಡದವರೆಗೆ ಬೋಳು.

ನಾನು ಫೋಟೋ ತೆಗೆದೆ. ಮಾರನೆಯ ದಿನ ಸುದ್ದಿ ನಾಲ್ಕು ಕಾಲಂ ಬಂತು. ಫೋಟೋದ ಕೆಳಗೆ, 'ಶಸ್ತ್ರಚಿಕಿತ್ಸೆಯ ಉಪಕರಣ ತೊಳೆಯಲು ಬಳಸುತ್ತಿದ್ದ ಬೋಳು ಬ್ರಷ್‌ಗಳು' ಎಂದು ಬರೆದಿದ್ದೆ. ಆಯಾ ಅಂಜಿನಮ್ಮನ ಹೆಸರು ಮೊದಲ ಪ್ಯಾರಾದಲ್ಲೇ ಇತ್ತು. ಕೊನೆಯ ಸಾಲು ಹೀಗಿತ್ತು: 'ಪ್ರತಿಕ್ರಿಯೆಗಾಗಿ ಅಂಜಿನಮ್ಮ ಅವರನ್ನು ಸಂಪರ್ಕಿಸಲು ಯತ್ನಿಸಿದರೂ ಸಿಗಲಿಲ್ಲ.'

ಆ ಸಾಲಿನ ವಿಷಯ ಕೊನೆಯಲ್ಲಿ ಹೇಳುತ್ತೇನೆ.

ಅಂಜಿನಮ್ಮನನ್ನು ಸುದ್ದಿ ಅಚ್ಚಾಗುವ ಮೊದಲೇ ಕೆಲಸದಿಂದ ತೆಗೆದಿದ್ದರು. ಕೀವು ಯಾವುದರಿಂದ ಕಟ್ಟಿತು ಎಂಬುದು ಇಂದಿಗೂ ಖಚಿತವಾಗಿಲ್ಲ.

ಶಿವರಾತ್ರಿ ಕಳೆದ ಮೂರನೆಯ ದಿನ ಕೊಡಿಗೇನಹಳ್ಳಿಯಿಂದ ನಮ್ಮಕ್ಕನನ್ನು ಹೊಟ್ಟೆನೋವೆಂದು ಅದೇ ನರ್ಸಿಂಗ್ ಹೋಮಿಗೆ ಕರೆತಂದರು. ಅಪೆಂಡಿಕ್ಸ್. ಮಧ್ಯಾಹ್ನವೇ ಆಪರೇಷನ್ ಆಯಿತು. ರಾತ್ರಿ ಜೊತೆಗಿರಲು ನಾನು ಉಳಿದೆ. ಮ್ಯಾನೇಜರ್ ತಾವೇ ಬಂದು, "ಬೆಂಚ್ ಬೇಡ ಸಾರ್, ನಿಮಗೆ ಕುರ್ಚಿ ಹಾಕಿಸ್ತೀನಿ" ಎಂದು ಮೆತ್ತೆಯಿದ್ದ ಕುರ್ಚಿ ತರಿಸಿದರು. ಉಳಿದವರ ಕಡೆಯವರೆಲ್ಲ ನೆಲದ ಮೇಲೆ ಮಲಗಿದ್ದರು.

ರಾತ್ರಿ ಪಾಳಿಯಲ್ಲಿದ್ದವರು ನಸ್ರೀನ್ ಸಿಸ್ಟರ್. ಶಿರಾದವರು. ಅಕ್ಕನಿಗೆ ಬಾಯಾರಿಕೆ ಎಂದಾಗ ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತಿದರು. ನನ್ನ ಮುಖ ನೋಡಲಿಲ್ಲ. ಅಕ್ಕ ನಿದ್ದೆ ಹೋದ ಮೇಲೆ ನಾನು ವರಾಂಡಕ್ಕೆ ಬಂದೆ. ಸಿಸ್ಟರ್ ಮೇಜಿನ ಮೇಲೆ ಹತ್ತಿ ಉಂಡೆ ಮಾಡುತ್ತಾ ಕೂತಿದ್ದರು. ಫಿನೈಲು, ಸ್ಪಿರಿಟ್ಟು, ಯಾರದೋ ಊಟದ ಡಬ್ಬಿಯ ಸಾರಿನ ವಾಸನೆ... ಗಡಿಯಾರದ ಮುಳ್ಳಿನ ಸದ್ದು ಬಿಟ್ಟರೆ ಬೇರೆ ಏನಿಲ್ಲ.

"ಪೇಪರ್‌ನವರು ನೀವೇ ಅಲ್ವಾ?" ಎಂದರು, ತಲೆ ಎತ್ತದೆ.

"ಹೌದು ಸಿಸ್ಟರ್."

"ಬ್ರಷ್ ಫೋಟೋ ಹಾಕಿದ್ದು?"

"ಹೌದು."

"ಮಾಷಾ ಅಲ್ಲಾ, ಫೋಟೋ ಏನೋ ಚೆನ್ನಾಗೇ ಬಂದಿತ್ತು." ಅವರು ನಗಲಿಲ್ಲ. "ಅವು ಯಾಕೆ ಬೋಳಾಗಿದ್ವು ಅಂತ ಯಾರನ್ನಾದ್ರೂ ಕೇಳಿದ್ರಾ?"

ಮ್ಯಾನೇಜರ್ ಹೇಳಿದ್ದನ್ನೇ ಬರೆದೆ ಎಂದೆ.

"ಅಂಜಿನಮ್ಮನೇ ಕತ್ತರಿಸ್ತಿದ್ದಿದ್ದು ಸಾರ್. ಬಿರುಗೂದ್ಲು ಬಾಗಿ ಹೋದ್ರೆ ಆ ಬ್ರಷ್ ಸತ್ತಂಗೆ. ಆಪರೇಷನ್ ಸಾಮಾನಿನ ಕೊಳವೆ ಒಳಗೆ ಹಾಕಿದ್ರೆ ಸುಮ್ನೆ ಹೋಗಿ ಸುಮ್ನೆ ಬರುತ್ತೆ, ಒಳಗೋಡೆ ಮುಟ್ಟಲ್ಲ. ಅವಳು ಬಿಸಾಕೋಳು. ಮ್ಯಾನೇಜರ್ ಬುಟ್ಟಿಯಿಂದ ಎತ್ತಿ, 'ಇನ್ನೂ ಒಂದು ತಿಂಗಳು ಬರುತ್ತೆ' ಅಂತ ವಾಪಸ್ ಇಡ್ಸೋರು. ಆಮೇಲಿಂದ ಅವಳು ಬುಡಕ್ಕೇ ಕತ್ತರಿಸಿ ಬಿಸಾಕೋಕೆ ಶುರು ಮಾಡಿದ್ಲು. ಇನ್ಯಾರೂ ಎತ್ತಿ ಅದ್ರಲ್ಲಿ ತೊಳೀಬಾರ್ದು ಅಂತ."

ಹತ್ತಿ ಉಂಡೆಯೊಂದನ್ನು ಡಬ್ಬಿಗೆ ಹಾಕಿದರು.

"ನೀವು ಹಾಕಿದ್ದು ಅದೇ ಫೋಟೋ."

ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಆಗ ಕೇಳಿಸಿತು.

ಸರಕ್... ಸರಕ್... ಸರಕ್...

ವರಾಂಡದ ಕೊನೆಯಲ್ಲಿದ್ದ, ಆಪರೇಷನ್ ಸಾಮಾನು ತೊಳೆಯುವ ಕೋಣೆಯಿಂದ. ದಪ್ಪ ಬಟ್ಟೆಯೊಳಗೆ ಸುತ್ತಿಟ್ಟಂಥ ಶಬ್ದ. ಒಂದೇ ಲಯ. ನಡುವೆ ಒಂದು ಸಲ, ಟಕ್. ಮತ್ತೆ ಸರಕ್... ಸರಕ್...

ನಸ್ರೀನ್ ಸಿಸ್ಟರ್ ಕೈ ನಿಲ್ಲಿಸಲಿಲ್ಲ.

"ನಲ್ಲಿ ಇರಬೇಕು" ಎಂದೆ.

"ನಲ್ಲಿ ಟಕ್ ಅನ್ನುತ್ತೆ. ಸರಕ್ ಅನ್ನಲ್ಲ."

"ಯಾವಾಗಿಂದ ಇದು?"

"ಅವಳು ಹೋದಾಗಿಂದ. ದಿನಾ ಇಲ್ಲ. ಆಪರೇಷನ್ ಆದ ದಿನ ರಾತ್ರಿ ಮಾತ್ರ."

ಆ ದಿನ ಅಲ್ಲಿ ಆಗಿದ್ದದ್ದು ಒಂದೇ ಆಪರೇಷನ್. ನಮ್ಮಕ್ಕನದು.

"ನೀವು ಹೋಗಿ ನೋಡಿಲ್ವಾ?"

"ನೋಡಿ ಏನ್ ಮಾಡ್ಲಿ ಸಾರ್? ಕೆಲಸ ಚೆನ್ನಾಗೇ ನಡೀತಾ ಇದೆ." ಮೇಜಿನ ಡ್ರಾದಿಂದ ಒಂದು ಕೀಲಿ ತೆಗೆದು ನನ್ನ ಮುಂದೆ ಇಟ್ಟರು. "ನೀವು ನೋಡೋದಿದ್ರೆ ನೋಡಿ. ನೋಡೋದು ನಿಮ್ಮ ಕೆಲಸ ಅಲ್ವಾ?"

ಹೋಗದೆ ಇರಲು ಆಗಲಿಲ್ಲ. ಧೈರ್ಯದಿಂದ ಹೋದೆ ಎಂದು ಯಾರೂ ತಿಳಿಯಬಾರದು. ಆ ಹೆಂಗಸಿನ ಎದುರು ಇನ್ನೊಂದು ನಿಮಿಷ ಕೂರಲಾರದೆ ಎದ್ದು ಹೋದೆ.

ಹತ್ತಿರವಾದಂತೆ ವಾಸನೆ ಬದಲಾಯಿತು. ಸೋಪಿನ ನೀರು... ಅದರ ಅಡಿಯಲ್ಲಿ ತುಕ್ಕು ಹಿಡಿದ ಕಬ್ಬಿಣದಂಥ ಇನ್ನೊಂದು ವಾಸನೆ. ಬಾಗಿಲ ಕೆಳಗಿನ ಸಂದಿಯಲ್ಲಿ ಬೆಳಕಿರಲಿಲ್ಲ. ಒಳಗೆ ಉಜ್ಜುತ್ತಿದ್ದವರು ಕತ್ತಲಲ್ಲೇ ಉಜ್ಜುತ್ತಿದ್ದರು.

ಕೀಲಿ ಬೀಗಕ್ಕೆ ತಾಗಿತು. ಶಬ್ದ ನಿಂತಿತು.

ಬಾಗಿಲು ತೆಗೆದು ಗೋಡೆ ತಡವಿ ಸ್ವಿಚ್ ಹಾಕಿದೆ. ಟ್ಯೂಬ್‌ಲೈಟ್ ಎರಡು ಸಲ ಮಿಣುಕಿ ಹತ್ತಿಕೊಂಡಿತು. ಯಾರೂ ಇರಲಿಲ್ಲ. ಸಿಂಕು, ಅದರ ಪಕ್ಕ ಕಲ್ಲಿನ ಮೇಲೆ ಒಂದು ಸ್ಟೀಲ್ ಬೇಸನ್. ಬೇಸನ್ನಿನ ತುಂಬ ನೀರು. ನೀರು ಅಲುಗಾಡುತ್ತಿತ್ತು... ಈಗಷ್ಟೇ ಕೈ ತೆಗೆದಂತೆ.

ಗೋಡೆಗೆ ಒಂದು ಮರದ ಹಲಗೆ ಹೊಡೆದಿದ್ದರು. ಹಲಗೆಯಲ್ಲಿ ಏಳು ಮೊಳೆ. ಏಳರಲ್ಲೂ ಬ್ರಷ್ಷುಗಳು, ಬಿರುಗೂದಲು ಕೆಳಗೆ ಮಾಡಿ ತೂಗುಹಾಕಿದ್ದವು. ಆರು ಒಣಗಿದ್ದವು. ಏಳನೆಯದು ಕೊಳವೆಯೊಳಗೆ ಹಾಕುವಂಥದು, ಉದ್ದ, ಕಿರುಬೆರಳಿಗಿಂತ ಸಣ್ಣ. ಬಾಲಕ್ಕೆ ಕೆಂಪು ದಾರ ಕಟ್ಟಿತ್ತು. ಅದರ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಟಪ್... ಟಪ್...

ಮುಟ್ಟಿದೆ. ಹಸಿಯಾಗಿತ್ತು, ಅಷ್ಟೇ ಅಲ್ಲ, ಬೆಚ್ಚಗಿತ್ತು.

ಏನು ಮಾಡಬೇಕೆಂದು ತಿಳಿಯದಾಗ ನಾನು ಮಾಡುವುದು ಒಂದೇ. ಫೋನ್ ತೆಗೆದು ಫೋಟೋ ಹಿಡಿದೆ. ಎರಡು ಗಂಟೆ ಹದಿನಾಲ್ಕು ನಿಮಿಷ. ಬೀಗ ಹಾಕಿ ಬಂದೆ.

"ಎಷ್ಟಿದ್ವು?" ಎಂದರು ಸಿಸ್ಟರ್.

"ಏಳು."

ಆಗ ಮೊದಲ ಸಲ ಅವರ ಕೈ ನಿಂತಿತು.

"ಆರು ಸಾರ್. ಏಳನೇದನ್ನ ಅಂಜಿನಮ್ಮ ಹೋಗ್ತಾ ತಗೊಂಡು ಹೋದ್ಲು. ನನ್ನ ಕಣ್ಣೆದುರೇ ಸೀರೆ ಸೆರಗಲ್ಲಿ ಸುತ್ಕೊಂಡ್ಲು."

ಫೋನಿನಲ್ಲಿದ್ದ ಫೋಟೋ ತೋರಿಸಲು ಹೋದೆ. ಇಬ್ಬರೂ ನೋಡಿದೆವು. ಹಲಗೆಯಲ್ಲಿ ಆರು ಬ್ರಷ್ಷುಗಳಿದ್ದವು. ಏಳನೆಯ ಮೊಳೆ ಖಾಲಿ. ಆ ಖಾಲಿ ಮೊಳೆಯ ಕೆಳಗೆ ಗೋಡೆಯ ಸುಣ್ಣ ಒಂದು ಗೆರೆಯಾಗಿ ನೆಲದವರೆಗೆ ಒದ್ದೆಯಾಗಿತ್ತು.

ಬೆಳಗ್ಗೆ ಪಾಳಿ ಮುಗಿಸಿ ಹೊರಡುವಾಗ ಸಿಸ್ಟರ್ ಒಂದು ಚೀಟಿಯಲ್ಲಿ ಅಂಜಿನಮ್ಮನ ಊರಿನ ಹೆಸರು ಬರೆದು ಕೊಟ್ಟರು. ರಾಯಚರ್ಲು.

ಅಕ್ಕ ಗುಣವಾಗಿ ಮನೆಗೆ ಹೋದಳು. ಹೊಲಿಗೆ ಚೆನ್ನಾಗಿ ಕೂಡಿಕೊಂಡಿತು. ನಾನು ಎಂಟು ದಿನ ಸುಮ್ಮನಿದ್ದೆ. ಒಂಬತ್ತನೆಯ ದಿನ ಬೈಕ್ ತೆಗೆದುಕೊಂಡು ಮಿಡಿಗೇಶಿ ದಾಟಿ ಪಾವಗಡದ ಕಡೆಗೆ ಹೋದೆ.

ರಾಯಚರ್ಲು ಮುಟ್ಟಿದಾಗ ನಡುಮಧ್ಯಾಹ್ನ. ಕಣ್ಣು ಹೋದಷ್ಟು ದೂರ ಸೋಲಾರ್ ಪ್ಯಾನೆಲ್ಲುಗಳು. ಬೇಲಿಯ ಪಕ್ಕದ ಬೇವಿನ ಮರದ ಕೆಳಗೆ ಏಳೆಂಟು ಹೆಂಗಸರು ಊಟಕ್ಕೆ ಕೂತಿದ್ದರು. ಪ್ಯಾನೆಲ್ ತೊಳೆಯುವ ಕೆಲಸದವರು. ಉದ್ದ ಕೋಲಿನ ಬ್ರಷ್ಷುಗಳನ್ನು ಮರಕ್ಕೆ ಒರಗಿಸಿದ್ದರು. ಒಂದು ಬ್ರಷ್ ಮಾತ್ರ ಒರಗಿಸಿರಲಿಲ್ಲ. ಕೊಂಬೆಗೆ ದಾರ ಕಟ್ಟಿ, ಬಿರುಗೂದಲು ಕೆಳಗೆ ಮಾಡಿ ತೂಗುಹಾಕಿತ್ತು.

"ಎವರು ಕಾವಾಲ?" ಎಂದು ಒಬ್ಬಳು ತೆಲುಗಿನಲ್ಲೇ ಕೇಳಿದಳು. ಅಂಜಿನಮ್ಮ ಬೇಕು, ನಾನು ಪತ್ರಿಕೆಯವನು ಎಂದೆ.

"ಅಂಜಿನಮ್ಮಾ, ಪೇಪರ್‌ನೋರಂತೆ ಕಣಮ್ಮ! ಲೇ, ಎಲ್ಲಾ ಬ್ರಷ್ಷು ಬಚ್ಚಿಡ್ರೇ, ಫೋಟೋ ಹಿಡ್ಕಂಡ್ಬುಟ್ಟಾರು!"

ಎಲ್ಲರೂ ನಕ್ಕರು. ಒಬ್ಬಾಕೆ ನಗಲಿಲ್ಲ. ಐವತ್ತರ ಆಸುಪಾಸು, ಸಣಕಲು ಮೈ. ಕೈಬೆರಳ ತುದಿಗಳು ನೀರಲ್ಲಿ ನೆನೆದು ನೆನೆದು ಬಿಳಿಚಿ ಸುಕ್ಕಾಗಿದ್ದವು. ತಟ್ಟೆ ತೊಳೆದಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು ಎದ್ದು ಬಂದಳು.

"ಅವತ್ತು ನೀವು ನನ್ನ ದಾಟ್ಕಂಡು ಹೋದ್ರಿ ಸಾರ್" ಎಂದಳು.

"ಎಲ್ಲಿ?" ಎಂದೆ.

"ಮೆಟ್ಲ ಮ್ಯಾಲೆ ಕುಂತಿದ್ದೆ. ಮ್ಯಾನೇಜರು, 'ಇಲ್ಲೇ ಕುಂತಿರು, ಪೇಪರ್‌ನೋರು ಕೇಳಿದ್ರೆ ಕರೀತೀನಿ' ಅಂದಿದ್ರು. ಏನೇನು ಹೇಳಬೇಕು ಅಂತ ಎಲ್ಲಾ ಜೋಡುಸ್ಕಂಡು ಕುಂತಿದ್ದೆ. ನೀವು ಇಳ್ದು ಬಂದ್ರಿ. 'ಸ್ವಲ್ಪ ಸರ್ಕೊಳಮ್ಮ' ಅಂದ್ರಿ. ಸರ್ಕೊಂಡೆ."

ಮೆಟ್ಟಿಲು ನೆನಪಾಯಿತು. ಅಲ್ಲಿ ಯಾರೋ ಕೂತಿದ್ದದ್ದೂ ನೆನಪಾಯಿತು. ಮುಖ ನೆನಪಿರಲಿಲ್ಲ. ನಾನು ನೋಡಿರಲಿಲ್ಲ.

"ತಪ್ಪಾಯ್ತಮ್ಮ."

"ನಿಮ್ಮ ತಪ್ಪು ಇಟ್ಕಂಡು ನಾನೇನು ಮಾಡ್ಲಿ ಬುಡಿ. ಶಿರಾದಾಗೆ ಕೆಲ್ಸ ಕೇಳ್ದೆ. ಕೊರಟಗೆರೇಲಿ ಕೇಳ್ದೆ. ಹೆಸ್ರು ಹೇಳ್ತಿದ್ದಂಗೆ ಫೋನ್ ತೆಗ್ದು ನಿಮ್ಮ ಪೇಪರ್ ತೋರುಸ್ತಾರೆ. ಹದ್ನೇಳು ವರ್ಷ ತೊಳ್ದಿವ್ನಿ ಸಾರ್. ಒಂದು ಕತ್ರಿ ಕೀಲಲ್ಲಿ ಒಂದು ಚುಕ್ಕೆ ಬುಟ್ಟೋಳಲ್ಲ. ಈಗ ಬಿಸ್ಲು ತೊಳೀತಿವ್ನಿ."

ಆ ರಾತ್ರಿಯ ಶಬ್ದದ ವಿಷಯ ಹೇಳಿದೆ. ಅವಳು ಆಶ್ಚರ್ಯಪಡುತ್ತಾಳೆ ಅಂದುಕೊಂಡಿದ್ದೆ.

"ಟಕ್ ಅಂತಾ?" ಎಂದಳು.

"ಹೌದು."

"ಅನ್ನಬೇಕು. ಬ್ರಷ್ಷಿನ ತಲೆ ಕೊಳವೆ ದಾಟಿ ಆಚೆ ಬಂದ್ರೆ ಬೇಸನ್‌ಗೆ ತಾಕ್ತದೆ. ಅನ್ನಲಿಲ್ಲ ಅಂದ್ರೆ ಅರ್ಧದಾಗೇ ನಿಂತದೆ ಅಂತ. ನೀರೊಳಗೇ ಉಜ್ಜಬೇಕು. ಮ್ಯಾಲೆ ಉಜ್ಜಿದ್ರೆ ಮುಖಕ್ಕೆಲ್ಲ ಸಿಡೀತದೆ." ಗಾಳಿಯಲ್ಲೇ ಕೈ ಉಜ್ಜಿ ತೋರಿಸಿ, "ಆ ಶಬ್ದ ನೀರೊಳಗಿಂದು. ಅದಕ್ಕೇ ನಿಮಗೆ ಮಂಕಾಗಿ ಕೇಳೈತೆ" ಎಂದಳು.

ದಪ್ಪ ಬಟ್ಟೆಯೊಳಗೆ ಸುತ್ತಿಟ್ಟಂಥ ಶಬ್ದ ಎಂದು ನಾನು ಅವಳಿಗೆ ಹೇಳಿರಲಿಲ್ಲ.

ಮನೆಗೆ ಕರೆದುಕೊಂಡು ಹೋದಳು. ಶೀಟಿನ ಎರಡು ಕೋಣೆ. ಹಿಂದುಗಡೆ, ಕಣ್ಣು ಬಿಡಲಾಗದಂಥ ಬಿಸಿಲಲ್ಲಿ, ಬಟ್ಟೆ ಒಣಗಿಸುವ ತಂತಿಗೆ ಆ ಬ್ರಷ್ ತೂಗುಹಾಕಿತ್ತು. ಉದ್ದ, ಕಿರುಬೆರಳಿಗಿಂತ ಸಣ್ಣ. ಬಾಲಕ್ಕೆ ಕೆಂಪು ದಾರ.

"ಕೆಂಪು ದಾರ ಕಟ್ಟಿದ್ರೆ ಇವತ್ತೇ ಅದರ ಕೊನೆ ದಿನ ಅಂತ ಸಾರ್. ಸಂಜೆ ತೊಳ್ದು, ಕುದ್ಸಿ, ಕತ್ರಿಸೋದು. ಅವತ್ತು ಸಂಜೆ ಆಗೋ ಮೊದ್ಲೇ ನನ್ನ ಕಳುಸಿದ್ರು. ಅಲ್ಲೇ ಬುಟ್ಟು ಬಂದ್ರೆ ಅದ್ರಾಗೇ ತೊಳೀತಾರೆ ಅಂತ ತಂದ್ಬುಟ್ಟೆ."

"ಮನೆಗೆ ತಂದ ಮೇಲೆ ಕತ್ತರಿಸಬಹುದಿತ್ತಲ್ಲ?"

"ಕತ್ರಿ ಹಿಡ್ಕಂಡ್ರೆ ನಿಮ್ಮ ಫೋಟೋ ಕಣ್ಮುಂದೆ ಬತ್ತದೆ. ಕೈ ಓಡಾಕಿಲ್ಲ."

ತಂತಿಯಿಂದ ಬಿಡಿಸಿ ನನ್ನ ಕೈಗೆ ಕೊಟ್ಟಳು.

"ಒಣಗಾಕಿಲ್ಲ ಸಾರ್ ಇದು. ಈ ಬಿಸ್ಲಾಗೆ ಹಪ್ಪಳ ಇಟ್ರೆ ಊಟದ ಹೊತ್ಗೆ ಗರಿಗರಿ. ಇದು ಮಾತ್ರ ಬಂದಾಗಿಂದ ಹಿಂಗೇ."

ಬಿರುಗೂದಲು ಹಸಿಯಾಗಿತ್ತು. ಬೆಚ್ಚಗಿತ್ತು. ಬಿಸಿಲಿಗೆ ಬೆಚ್ಚಗಾಗಿದೆ ಎಂದುಕೊಂಡೆ. ಮೂಗಿನ ಹತ್ತಿರ ಹಿಡಿದೆ. ಸೋಪಿನ ನೀರು... ಅಡಿಯಲ್ಲಿ ತುಕ್ಕಿನ ವಾಸನೆ.

"ನೀವು ಬರ್ದಿದ್ದು ತಪ್ಪು ಅಂತ ಬರೀರಿ" ಎಂದಳು. "ಎಲ್ಲಾ ಬರೀರಿ. ಬರ್ದ ದಿನ ನೀವೇ ಇದನ್ನ ಕತ್ರಿಸಿ ಬಿಸಾಕಿ. ಪೇಪರ್ ತಗೊಂಡು ನಾನು ಶಿರಾಕ್ಕೆ ಹೋಯ್ತೀನಿ. ಅಲ್ಲಿ ಒಂದು ಆಸ್ಪತ್ರೇಲಿ ತಗೊಳ್ತೀನಿ ಅಂದವ್ರೆ, ಪೇಪರ್‌ನಾಗೆ ಸರಿ ಮಾಡ್ಸ್ಕಂಡು ಬಾ ಅಂತ."

ಬ್ರಷ್ಷನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟಳು. ಮಧುಗಿರಿ ಮುಟ್ಟುವಷ್ಟರಲ್ಲಿ ಕವರಿನ ತಳದಲ್ಲಿ ಒಂದು ಚಮಚದಷ್ಟು ನೀರಿತ್ತು.

ಯುಗಾದಿಗೆ ಮೊದಲು ಆರನೆಯ ಪುಟದಲ್ಲಿ, ಬಲಗಡೆ ಕೆಳಗೆ, 'ಸ್ಪಷ್ಟನೆ' ಎಂಬ ತಲೆಬರಹದಲ್ಲಿ ಐದು ಸಾಲು ಬಂತು. ಫೋಟೋದಲ್ಲಿದ್ದದ್ದು ಬಳಕೆಯಲ್ಲಿದ್ದ ಬ್ರಷ್‌ಗಳಲ್ಲ, ಮರುಬಳಕೆ ಆಗದಿರಲೆಂದು ಅಂಜಿನಮ್ಮ ಅವರೇ ಕತ್ತರಿಸಿ ಎಸೆದವು, ಆಗಿರುವ ಲೋಪಕ್ಕೆ ವಿಷಾದಿಸುತ್ತೇವೆ ಎಂದು ಅದರಲ್ಲಿತ್ತು. ಬರೆದವನು ನಾನೇ. ಸಂಪಾದಕರು ಒಂದು ಅಕ್ಷರವನ್ನೂ ಕಡಿಯಲಿಲ್ಲ.

ಅವತ್ತು ಸಂಜೆ ಹಿತ್ತಲಲ್ಲಿ ಕತ್ತರಿ ಹಿಡಿದು ನಿಂತೆ. ಬ್ರಷ್ ಒಣಗಿರಲಿಲ್ಲ. ಕತ್ತರಿಯ ಬಾಯಿ ಬಿರುಗೂದಲ ಮೇಲೆ ಜಾರಿತು. ಮೂರು ಸಲ ಒತ್ತಿದೆ. ಒಂದು ಎಳೆಯೂ ಬೀಳಲಿಲ್ಲ. ಹೊಸ ಕತ್ತರಿ ಅದು. ಅದೇ ಕತ್ತರಿಯಲ್ಲಿ ತೆಂಗಿನ ನಾರಿನ ಹಗ್ಗ ಕತ್ತರಿಸಿ ನೋಡಿದೆ, ಒಂದೇ ಏಟಿಗೆ ಹೋಯಿತು.

ಅಂಜಿನಮ್ಮನಿಗೆ ಫೋನ್ ಮಾಡಿದೆ. ಪತ್ರಿಕೆ ಸಿಕ್ಕಿದೆ, ಪಕ್ಕದ ಮನೆಯ ಹುಡುಗಿ ಓದಿ ಹೇಳಿದಳು ಎಂದಳು.

"ಎಲ್ಲಾ ಬರ್ದಿದ್ದೀರಾ ಸಾರ್?"

"ಎಲ್ಲಾ ಬರೆದಿದ್ದೀನಮ್ಮ."

"ಒಣಗೈತಾ?"

"ಇಲ್ಲ."

ಆ ಕಡೆ ಗಾಳಿಯ ಸದ್ದು ಮಾತ್ರ.

"ಅಂಗಾದ್ರೆ ಅರ್ಧದಾಗೇ ನಿಂತದೆ ಬುಡಿ" ಎಂದು ಫೋನ್ ಇಟ್ಟಳು.

ನಾನು ಬರೆಯದೆ ಬಿಟ್ಟ ಅರ್ಧ ಇದು. 'ಸಂಪರ್ಕಿಸಲು ಯತ್ನಿಸಿದರೂ ಸಿಗಲಿಲ್ಲ' ಎಂಬ ಸಾಲು ಸುಳ್ಳು. ನಾನು ಯತ್ನಿಸಿರಲಿಲ್ಲ. ಅಂಜಿನಮ್ಮನ ನಂಬರ್ ಕೇಳಿರಲಿಲ್ಲ, ಎಲ್ಲಿದ್ದಾಳೆ ಎಂದು ವಿಚಾರಿಸಿರಲಿಲ್ಲ. ಬೈಕಿನ ಮೇಲೆ ಕೂತು, ಫೋನಿನಲ್ಲೇ ಸುದ್ದಿ ಟೈಪ್ ಮಾಡಿ, ಇಂಥ ಸುದ್ದಿಗೆ ಹಾಕಬೇಕಾದ ಸಾಲು ಎಂದು ಕೊನೆಗೆ ಸೇರಿಸಿದ್ದೆ. ಆಗ ಅವಳು ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ಮೆಟ್ಟಿಲ ಮೇಲೆ ಕೂತಿದ್ದಳು. ಇದನ್ನು ಸಂಪಾದಕರಿಗೆ ಹೇಳಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಹೇಳಲಿಲ್ಲ.

ಶಿರಾದ ಆಸ್ಪತ್ರೆಯವರು ಸ್ಪಷ್ಟನೆ ಓದಿ, ತಪ್ಪಿಲ್ಲ ಅಂದಮೇಲೆ ಅವತ್ತು ಪತ್ರಿಕೆಯವರ ಕೈಗೆ ಯಾಕೆ ಸಿಗಲಿಲ್ಲ ಎಂದು ಕೇಳಿ ಅಂಜಿನಮ್ಮನನ್ನು ವಾಪಸ್ ಕಳಿಸಿದರು. ಇದನ್ನು ತಿಳಿಸಿದವರು ನಸ್ರೀನ್ ಸಿಸ್ಟರ್. ಅಂಜಿನಮ್ಮ ಈಗಲೂ ರಾಯಚರ್ಲುವಿನಲ್ಲಿ ಪ್ಯಾನೆಲ್ ತೊಳೆಯುತ್ತಾಳೆ. ಮಧುಗಿರಿಯ ಆ ಕೋಣೆಯಲ್ಲಿ ಆಪರೇಷನ್ ಆದ ದಿನ ರಾತ್ರಿ ಶಬ್ದ ಬರುತ್ತದೆ ಎಂದೂ ಸಿಸ್ಟರ್ ಹೇಳಿದರು. ಸರಕ್ ಎನ್ನುವುದು ಮಾತ್ರ. ಟಕ್ ಎನ್ನುವುದು ಸ್ಪಷ್ಟನೆ ಬಂದ ದಿನದಿಂದ ನಿಂತಿದೆ.

ಆ ಸಾಲು ಸುಳ್ಳೆಂದು ನಾನು ಬರೆದದ್ದು ಇದೇ ಮೊದಲು. ಈ ಬರಹದ ಒಂದು ಪ್ರತಿಯನ್ನು ನಿನ್ನೆ ರಾತ್ರಿ ಹನ್ನೊಂದೂಕಾಲಿಗೆ ಸಂಪಾದಕರಿಗೆ ಕಳಿಸಿದ್ದೇನೆ. ಅವರು ಓದಿದ್ದಾರೆ. ಉತ್ತರ ಬಂದಿಲ್ಲ, ಪತ್ರಿಕೆಯಲ್ಲಿ ಇನ್ನೂ ಅಚ್ಚಾಗಿಲ್ಲ.

ಬ್ರಷ್ ನಮ್ಮ ಮನೆಯ ಹಿತ್ತಲ ಗೋಡೆಯ ಮೊಳೆಯಲ್ಲಿದೆ, ಬಿರುಗೂದಲು ಕೆಳಗೆ ಮಾಡಿ. ಇವತ್ತು ಬೆಳಗ್ಗೆ ಐದೂವರೆಗೆ ಹೋಗಿ ಮುಟ್ಟಿ ನೋಡಿದೆ. ಹಸಿಯಾಗಿತ್ತು.